ಗುಳ್ಳೆ ನಿಂತರೂ ಹೀಲಿಯಂ ಆವಿಯಾಗುತ್ತಲೇ ಇರುತ್ತದೆ

ಪಂಪ್‌ನಿಂದ ಆವಿ ಎಳೆಯುತ್ತಾ ಹೋದರೆ ಕೊತಕೊತ ಕುದಿಯುತ್ತಿದ್ದ ದ್ರವ ಹೀಲಿಯಂ ಥಟ್ಟನೆ ಯಾಕೆ ಸುಮ್ಮನಾಗುತ್ತದೆ, ಆವಿಯಾಗುವುದೇ ನಿಂತಿತಾ ಅಂತ ಕೇಳಿದ್ದೀರಿ. ಇಲ್ಲ, ನಿಂತಿಲ್ಲ. ದ್ರವದ ಮಟ್ಟ ಗಮನಿಸಿದರೆ ಗೊತ್ತಾಗುತ್ತದೆ, ಅದು ಇಳಿಯುತ್ತಲೇ ಇರುತ್ತದೆ.

ಗುಳ್ಳೆ ಹುಟ್ಟಬೇಕಾದರೆ ದ್ರವದೊಳಗೆ ಯಾವುದೋ ಒಂದು ಜಾಗ ಅಕ್ಕಪಕ್ಕಕ್ಕಿಂತ ಸ್ವಲ್ಪ ಜಾಸ್ತಿ ಬಿಸಿಯಾಗಬೇಕು ಅಲ್ವಾ? ಆವಿ ಎಳೆದಂತೆಲ್ಲ ದ್ರವ ತಣ್ಣಗಾಗುತ್ತಾ ಹೋಗುತ್ತದೆ. 2.17 ಕೆಲ್ವಿನ್‌ಗಿಂತ (ಸುಮಾರು −271 ಡಿಗ್ರಿ ಸೆಲ್ಸಿಯಸ್) ಕೆಳಗೆ ಹೀಲಿಯಂ ಸೂಪರ್‌ಫ್ಲೂಯಿಡ್, ಅಂದರೆ ತಡೆಯೇ ಇಲ್ಲದೆ ಹರಿಯುವ ದ್ರವ ಆಗುತ್ತದೆ, ಆಗ ಅದು ಶಾಖವನ್ನು ತಾಮ್ರಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಸಾಗಿಸುವುದರಿಂದ ಬಿಸಿ ಒಂದೇ ಕಡೆ ನಿಲ್ಲುವುದೇ ಇಲ್ಲ, ನೇರ ಮೇಲ್ಮೈಗೆ ಬರುತ್ತದೆ, ಹೀಲಿಯಂ ಅಲ್ಲಿಂದಲೇ ಆವಿಯಾಗುತ್ತದೆ.

ನನಗೆ ತುಂಬಾ ಇಷ್ಟವಾಗುವ ವಿಷಯ ಇನ್ನೊಂದಿದೆ. ನೀರು ಮಂಜುಗಡ್ಡೆಯಾಗುವಾಗ ಸುಪ್ತ ಶಾಖ (ಉಷ್ಣತೆ ಬದಲಾಗದೆಯೇ ಹೊರಬರುವ ಶಾಖ) ಹೊರಬರುತ್ತದೆ, ಹೀಲಿಯಂ ಸೂಪರ್‌ಫ್ಲೂಯಿಡ್ ಆಗುವ ಈ ಬದಲಾವಣೆಯಲ್ಲಿ ಅದು ಇಲ್ಲವೇ ಇಲ್ಲ. ಬದಲಿಗೆ 2.17 ಕೆಲ್ವಿನ್ ಹತ್ತಿರ ವಿಶಿಷ್ಟ ಶಾಖ (ಒಂದು ಡಿಗ್ರಿ ಬಿಸಿ ಏರಿಸಲು ಬೇಕಾದ ಶಾಖದ ಪ್ರಮಾಣ) ಚೂಪಾಗಿ ಮೇಲೇರಿ, ದಾಟಿದ ಕೂಡಲೇ ಕುಸಿಯುತ್ತದೆ. ಇದನ್ನು 1932ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಭೌತವಿಜ್ಞಾನಿ ವಿಲೆಮ್ ಕೇಸೊಮ್ ಮತ್ತು ಅವರ ಮಗಳು ಆನ್ನಾ ಅಳೆದು ತೋರಿಸಿದರು. ಸೂಪರ್‌ಫ್ಲೂಯಿಡ್ ಗುಣ ಜಗತ್ತಿಗೆ ಗೊತ್ತಾಗಿದ್ದು ಅದಾದ ಐದಾರು ವರ್ಷಗಳ ಮೇಲೆ!

ಇನ್ನೂ ತಣ್ಣಗೆ ಮಾಡಿದರೆ ಗಟ್ಟಿಯಾಗುತ್ತದಾ ಅಂದಿರಲ್ಲ, ಬರೀ ತಂಪಿನಿಂದ ಆಗುವುದಿಲ್ಲ. ಸುಮಾರು 25 ವಾತಾವರಣದಷ್ಟು ಒತ್ತಡವನ್ನೂ ಹಾಕಬೇಕು.