ಹೇರಿದ್ದು ಯಾರು, ಇಳಿಸಿದ್ದು ಯಾರು?

ನಮಸ್ಕಾರ. ಶ್ರೀಮಂತ ದೇಶಗಳ ವಿದೇಶಾಂಗ ನೀತಿಯಿಂದ ಬಡವರ ಆರೋಗ್ಯಕ್ಕೆ ಏನಾಗುತ್ತದೆ ಎಂದು ನೀವು ಬರೆದು ಕಳಿಸಿದ ಲೇಖನ ಓದಿದೆ. ಸಾಕಷ್ಟು ಓದಿಕೊಂಡಿದ್ದೀರಿ, ಭಾಷೆಯಲ್ಲಿ ತಪ್ಪಿಲ್ಲ, ವಿಷಯವೂ ಬೇಕಾದದ್ದೇ. ಇನ್ನು ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ, ಬೇಜಾರು ಮಾಡ್ಕೋಬೇಡಿ.

ಎರಡನೇ ಪುಟದ ಮೊದಲ ವಾಕ್ಯ: 'ಆಫ್ರಿಕಾದ ಏಡ್ಸ್ ರೋಗಿಗಳಿಗೆ ಜೀವರಕ್ಷಕ ಔಷಧಗಳನ್ನು ನಿರಾಕರಿಸಲಾಯಿತು.' ಯಾರು ನಿರಾಕರಿಸಿದ್ದು? ಮಳೆ ಬಂತು ಅನ್ನುವ ಹಾಗೆ ಬರೆದಿದ್ದೀರಲ್ಲ! 1997ರಲ್ಲಿ ದಕ್ಷಿಣ ಆಫ್ರಿಕಾದ ಮಂಡೇಲಾ ಸರ್ಕಾರ ಅಗ್ಗದ ಔಷಧಿ ತರಿಸಿಕೊಳ್ಳಲು ಕಾನೂನು ಮಾಡಿತು. ಮರುವರ್ಷವೇ ಔಷಧ ಕಂಪನಿಗಳು ಅದರ ವಿರುದ್ಧ ಕೋರ್ಟಿಗೆ ಹೋದವು. 2001ರಲ್ಲಿ ಪ್ರಿಟೋರಿಯಾದಲ್ಲಿ ವಿಚಾರಣೆ ಶುರುವಾದಾಗ ಅವು 39 ಇದ್ದವು. ಹೆಸರು, ವಿಳಾಸ, ವಕೀಲರು ಎಲ್ಲಾ ಇದ್ದವರು.

ಮುಂದಿನ ವಾಕ್ಯ: 'ಅಂತಾರಾಷ್ಟ್ರೀಯ ಒತ್ತಡವನ್ನೂ ಹೇರಲಾಯಿತು.' ಮತ್ತೆ ಅದೇ ಕಥೆ. ಅಮೆರಿಕ 1998ರಲ್ಲಿ ದಕ್ಷಿಣ ಆಫ್ರಿಕಾವನ್ನು ತನ್ನ 'ಸ್ಪೆಷಲ್ 301' ಪಟ್ಟಿಗೆ ಸೇರಿಸಿತು. ಪೇಟೆಂಟ್ ವಿಚಾರದಲ್ಲಿ ಬಗ್ಗದಿದ್ದರೆ ವ್ಯಾಪಾರದಲ್ಲಿ ನೋಡ್ಕೋತೀವಿ ಅನ್ನುವುದರ ಸರ್ಕಾರಿ ರೂಪ ಅದು. ಉಪಾಧ್ಯಕ್ಷ ಅಲ್ ಗೋರ್ ಮಾತುಕತೆಯಲ್ಲೂ ಇದನ್ನೇ ಎತ್ತಿದರು. 1999ರಲ್ಲಿ ಅವರು ಅಧ್ಯಕ್ಷ ಹುದ್ದೆಗೆ ನಿಲ್ಲುತ್ತೇನೆ ಎಂದು ಘೋಷಿಸಿದ ಸಭೆಗೇ ಏಡ್ಸ್ ಹೋರಾಟಗಾರರು ನುಗ್ಗಿ ಕೂಗಾಡಿದರು, ಮುಂದಿನ ಸಭೆಗಳಲ್ಲೂ ಬಿಡಲಿಲ್ಲ, ಕೊನೆಗೆ 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಸಹಾರಾದ ದಕ್ಷಿಣದ ಆಫ್ರಿಕಾದ ಮೇಲೆ ಈ ಒತ್ತಡ ಬೇಡ ಎಂದು ಆದೇಶ ಹೊರಡಿಸಿದರು. ವಿದೇಶಾಂಗ ನೀತಿ ಬದಲಾದದ್ದು ಹೀಗೆ. ನಿಮ್ಮ ವಿಷಯ ಇದೇ ಅಲ್ವಾ? ಇದರ ಸುಳಿವೇ ಇಲ್ಲ.

ಮೂರನೆಯದು: 'ಕಾಲಕ್ರಮೇಣ ಬೆಲೆಯಲ್ಲಿ ಗಣನೀಯ ಇಳಿಕೆ ಕಂಡುಬಂದಿತು.' ತಾನಾಗಿ ಇಳಿಯಿತಾ? ಏಡ್ಸ್‌ಗೆ ಕೊಡುವ ಮೂರು ಔಷಧಿಗಳ ಚಿಕಿತ್ಸೆಗೆ ಆಗ ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲಾಗುತ್ತಿತ್ತು. 2001ರ ಫೆಬ್ರವರಿಯಲ್ಲಿ ನಮ್ಮ ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ 350 ಡಾಲರಿಗೆ ಕೊಡುತ್ತೇನೆ ಅಂದರು. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಿಗಲ್ಲ. ಹಾಗಾಗಿ ಬೇರೆ ವಿಧಾನದಲ್ಲಿ ಅದೇ ಔಷಧಿಯನ್ನು ಇಲ್ಲಿ ತಯಾರಿಸಲು ಆಯಿತು. ಏಪ್ರಿಲ್‌ನಲ್ಲಿ ಆ 39 ಕಂಪನಿಗಳು ಕೇಸು ವಾಪಸ್ ತೆಗೆದುಕೊಂಡವು.

ನಾನು ಪತ್ರಿಕೆಗೆ ಹೊಸದಾಗಿ ಸೇರಿದಾಗ ರಾತ್ರಿ ಪಾಳಿಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಸುದ್ದಿ ಬರೆದು ಕೊಟ್ಟರೆ ಕನ್ನಡಕದ ಮೇಲಿಂದ ನೋಡಿ, 'ಗೋಲಿಬಾರ್ ನಡೆಯಿತು ಅಂದ್ರೇನಯ್ಯಾ, ಬಂದೂಕು ತಾನೇ ಹಾರ್ತಾ?' ಅನ್ನೋರು. ಯಾರ ಆದೇಶ ಅಂತ ಕೇಳಲು ಆ ಹೊತ್ತಿನಲ್ಲಿ ಠಾಣೆಗೆ ಫೋನ್ ಮಾಡಬೇಕಿತ್ತು. ಆ ಕಡೆಯಿಂದ ಬೈಗುಳ, ಈ ಕಡೆ ಇವರು. ಉತ್ತರ ಸಿಗುವವರೆಗೂ ಪುಟ ಬಿಡುತ್ತಿರಲಿಲ್ಲ.

ಇನ್ನೊಂದು. ನಿಮ್ಮ ಅಮೆರಿಕ ಮೊದಲಿಂದ ಕೊನೆವರೆಗೂ ಒಂದೇ ಥರದ ಖಳನಾಯಕ. ಅದೇ ಅಮೆರಿಕ 2003ರಲ್ಲಿ, ಬುಷ್ ಕಾಲದಲ್ಲಿ, ಐದು ವರ್ಷಕ್ಕೆ 1,500 ಕೋಟಿ ಡಾಲರಿನ ಪೆಪ್‌ಫಾರ್ ಯೋಜನೆ ತಂದಿತು, ಬಡ ದೇಶಗಳ ಏಡ್ಸ್ ಚಿಕಿತ್ಸೆಗೆ ನೆರವು ಕೊಡುವ ಯೋಜನೆ. ಅದನ್ನು ಘೋಷಿಸಿದ ಭಾಷಣದಲ್ಲಿ ಬುಷ್, ಚಿಕಿತ್ಸೆಯ ಬೆಲೆ 12,000 ಡಾಲರಿನಿಂದ 300ಕ್ಕಿಂತ ಕೆಳಗೆ ಬಂದಿದೆ ಅಂದರು. ಇಳಿಸಿದವರು ಯಾರು ಅನ್ನಲಿಲ್ಲ, ನಿಮ್ಮ ಹಾಗೇ. ಮತ್ತೆ 2025ರ ಜನವರಿ 20ರಂದು ಟ್ರಂಪ್ ಒಂದೇ ಸಹಿಯಲ್ಲಿ ವಿದೇಶಿ ನೆರವನ್ನು 90 ದಿನ ತಡೆದರು, ಆ ಯೋಜನೆಯನ್ನೇ ನಂಬಿಕೊಂಡಿದ್ದ ಕ್ಲಿನಿಕ್‌ಗಳೂ ಸಿಕ್ಕಿಹಾಕಿಕೊಂಡವು. ಬೆದರಿಸಿದ್ದು, ಕೊಟ್ಟದ್ದು, ನಿಲ್ಲಿಸಿದ್ದು ಎಲ್ಲಾ ಒಂದೇ ದೇಶ. ಖಳನಾಯಕನ ಕಥೆಯಲ್ಲಿ ಇದು ಹಿಡಿಸುವುದಿಲ್ಲ.

ಮೊದಲ ಪುಟ ಪೂರ್ತಿ ತೆಗೆಯಿರಿ. ಪ್ರಿಟೋರಿಯಾದಿಂದಲೇ ಶುರು ಮಾಡಿ. ಕೋವಿಡ್ ಲಸಿಕೆಯ ಭಾಗ ಸದ್ಯಕ್ಕೆ ಬೇಡ, ಅದು ಬೇರೆ ಲೇಖನ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ, 1,200 ಪದ ದಾಟದಿರಲಿ.