ಪರ್ಚ್ ಮೀನಿಗೆ ಯಾವ ಎರೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಐದು ಗಾಳಕ್ಕೆ ಸಂಬಂಧಿಸಿದವು, ಅವುಗಳಲ್ಲಿ ನಾಲ್ಕು ಒಂದೇ ಮೀನನ್ನು ಕುರಿತವು. ಮಕ್ಕಳು ಮೆಲ್ಬರ್ನ್, ಸ್ಟಾಕ್‌ಹೋಮ್ ಎಂದು ನೆಲೆಸಿರುವುದರಿಂದ ಬೆಂಗಳೂರಿನ ಹಿರಿಯರು ವರ್ಷಕ್ಕೆ ಕೆಲವು ತಿಂಗಳು ಅಲ್ಲಿನ ಕೆರೆಗಳ ದಂಡೆಯಲ್ಲಿ ಕಾಲ ಕಳೆಯುವಂತಾಗಿದೆ. ಗಾಳ ಹಿಡಿದು ನಿಂತವರಿಗೆ ಅಲ್ಲಿ ಎದುರಾಗುವ ಮೀನುಗಳಲ್ಲಿ ಪರ್ಚ್ ಒಂದು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ಹುಡುಗನಾಗಿದ್ದಾಗ ಬಿದಿರು ಕೋಲು, ಎರೆಹುಳು, ನವಿಲುಗರಿಯ ದಂಟಿನ ಬೆಂಡು ಇಟ್ಟುಕೊಂಡು ಊರಿನ ಕೆರೆಯಲ್ಲಿ ಮೀನು ಹಿಡಿದವನು. ನವೆಂಬರ್‌ನಿಂದ ಐದು ತಿಂಗಳು ಮೆಲ್ಬರ್ನಿನಲ್ಲಿ ಮಗನ ಮನೆಯಲ್ಲಿರುತ್ತೇನೆ. ಅಲ್ಲಿನ ಕೆರೆಗಳಲ್ಲಿ ರೆಡ್‌ಫಿನ್ ಎಂಬ ಪರ್ಚ್ ಇದೆಯಂತೆ. ಕಳೆದ ಬಾರಿ ಅಂಗಡಿಯೊಂದರಲ್ಲಿ ಗೋಡೆ ತುಂಬ ನೇತುಹಾಕಿದ್ದ ರಬ್ಬರ್ ಮೀನು, ರಬ್ಬರ್ ಹುಳುಗಳನ್ನು ನೋಡಿ ದಿಕ್ಕು ತೋಚದೆ ಬರಿಗೈಯಲ್ಲಿ ಹಿಂದಿರುಗಿದೆ. ಏನನ್ನು ಕೊಳ್ಳಲಿ? ನನ್ನ ಹಳೆಯ ಬಿದಿರು ಕೋಲನ್ನು ಒಯ್ಯಬಹುದೇ? (ಬಸವನಗುಡಿ)

ಉತ್ತರ: ಕೋಲಿನ ವಿಷಯವನ್ನು ಮೊದಲು ಮುಗಿಸೋಣ: ಅದು ಮನೆಯಲ್ಲೇ ಇರಲಿ. ಸಿಹಿನೀರಿನಲ್ಲಿ ಬಳಸಿದ ಸಲಕರಣೆಗಳನ್ನೂ ಮರ, ಬಿದಿರಿನ ವಸ್ತುಗಳನ್ನೂ ಆಸ್ಟ್ರೇಲಿಯಾದಲ್ಲಿ ಇಳಿದೊಡನೆ ಪ್ರಯಾಣಿಕರ ಚೀಟಿಯಲ್ಲಿ ಘೋಷಿಸಬೇಕು, ಇಲ್ಲವಾದರೆ ದಂಡ ತೆರಬೇಕಾಗುತ್ತದೆ. ಅಲ್ಲದೆ ನೀವು ಕೇಳಿರುವ ಕೆಲಸಕ್ಕೆ ಬಿದಿರು ಒಗ್ಗುವುದೂ ಇಲ್ಲ. ಎರೆಹುಳುವಿನ ಗಾಳದಲ್ಲಿ ನಾವು ಕಾಯುತ್ತೇವೆ, ಮೀನು ವಾಸನೆ ಹಿಡಿದು ಬರುತ್ತದೆ. ಕೃತಕ ಎರೆಯಲ್ಲಾದರೋ ಎಸೆದು, ಮುಳುಗಿಸಿ, ಎಳೆದು, ನಿಲ್ಲಿಸಿ, ಜೀವವಿಲ್ಲದ ವಸ್ತುವಿಗೆ ಜೀವವಿದೆ ಎಂದು ಮೀನನ್ನು ನಂಬಿಸುವ ಹೊಣೆ ನಮ್ಮದೇ.

ರೆಡ್‌ಫಿನ್ ಎಂದರೆ ಯುರೋಪಿನ ಪರ್ಚ್ ಮೀನೇ. 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಬಂದವರು ಅದನ್ನು ಆಸ್ಟ್ರೇಲಿಯಾದ ನೀರಿಗೆ ಬಿಟ್ಟರು. ಹಸಿರು ಮೈಮೇಲೆ ಕಪ್ಪು ಅಡ್ಡಪಟ್ಟೆಗಳು, ಹೊಟ್ಟೆಯ ಕೆಳಗೆ ಕೆಂಪು ಈಜುರೆಕ್ಕೆಗಳು, ಬೆನ್ನಿನ ಮುಂಭಾಗದಲ್ಲಿ ಮುಳ್ಳುಗಳ ಸಾಲು: ಒಮ್ಮೆ ನೋಡಿದರೆ ಮರೆಯುವ ಮೀನಲ್ಲ. ಎರೆ ಆಯುವವರು ತಿಳಿದಿರಬೇಕಾದದ್ದು ಅದರ ಮೂರು ಸ್ವಭಾವಗಳನ್ನು. ಅದು ಕಣ್ಣಿನಿಂದ ಬೇಟೆಯಾಡುತ್ತದೆ, ಆದ್ದರಿಂದ ಹಗಲಿನಲ್ಲಿ, ಅದರಲ್ಲೂ ಬೆಳಗಿನ ಮತ್ತು ಸಂಜೆಯ ಮಬ್ಬುಬೆಳಕಿನಲ್ಲಿ ಚುರುಕು; ರಾತ್ರಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಅದು ಗುಂಪಿನಲ್ಲಿ ತಿರುಗುತ್ತದೆ, ಆದ್ದರಿಂದ ಒಂದು ಸಿಕ್ಕಿದ ಜಾಗಕ್ಕೇ ತಕ್ಷಣ ಮತ್ತೆ ಎಸೆಯಬೇಕು. ಅದು ಬೆನ್ನಟ್ಟಿ ಬಂದು, ಬೇಟೆ ನಿಂತಾಗ ಅಥವಾ ಬೀಳುವಾಗ ಬಾಯಿ ಹಾಕುತ್ತದೆ. ಈ ಮೂರನೆಯದರಿಂದಲೇ ನನ್ನ ಉತ್ತರದ ಮುಖ್ಯ ಮಾತು ಹುಟ್ಟುತ್ತದೆ: ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಬಣ್ಣದ ಪೊಟ್ಟಣಗಳನ್ನಲ್ಲ, ಯಾವುದೋ ಮೂಲೆಯಲ್ಲಿ ಸಾಧಾರಣವಾಗಿ ಕಾಣುವ ಜಿಗ್ ಹೆಡ್‌ಗಳನ್ನು.

ಜಿಗ್ ಹೆಡ್ ಎಂದರೆ ದಾರ ಕಟ್ಟುವ ತೂತಿನ ಬಳಿ ಲೋಹದ ಗುಂಡು ಎರಕ ಹೊಯ್ದ ಗಾಳದ ಕೊಕ್ಕೆ. ನೀವು ಕಂಡ ರಬ್ಬರಿನಂಥ ಮೆತ್ತನೆಯ ಕೃತಕ ಮೀನನ್ನು, ಅಂದರೆ ಮೃದು ಮೀನನ್ನು, ಅದಕ್ಕೆ ಪೋಣಿಸುತ್ತಾರೆ. ಆ ಗುಂಡಿನ ತೂಕವೇ ಎರೆ ಎಷ್ಟು ವೇಗವಾಗಿ ಮುಳುಗಬೇಕು, ಎಷ್ಟು ಆಳದಲ್ಲಿ ಓಡಬೇಕು, ನಿಲ್ಲಿಸಿದಾಗ ಎಷ್ಟು ಹೊತ್ತು ನೀರಿನಲ್ಲಿ ತೇಲಾಡಬೇಕು ಎಂಬುದೆಲ್ಲವನ್ನೂ ನಿರ್ಧರಿಸುತ್ತದೆ. ಒಂದೆರಡು ಮೀಟರ್ ಆಳಕ್ಕೆ 2ರಿಂದ 3 ಗ್ರಾಂ, ಮೂರರಿಂದ ಐದು ಮೀಟರಿಗೆ 5ರಿಂದ 7 ಗ್ರಾಂ, ಅದಕ್ಕೂ ಆಳಕ್ಕೆ ಅಥವಾ ಗಾಳಿ ಬೀಸುವ ದಿನಕ್ಕೆ 10 ಗ್ರಾಂ ಸಾಕು. ಅನುಮಾನ ಬಂದಾಗ ಹಗುರವಾದದ್ದನ್ನೇ ಆರಿಸಿ, ಏಕೆಂದರೆ ತಳಕ್ಕೆ ಕಲ್ಲಿನಂತೆ ಬೀಳುವ ಎರೆಯನ್ನು ಪರ್ಚ್ ನೋಡುವಷ್ಟರಲ್ಲಿ ಅದು ಕೆಸರಿನಲ್ಲಿರುತ್ತದೆ. ನೀವು ಹೋಗುವುದು ಅಲ್ಲಿನ ಬೇಸಿಗೆಯಲ್ಲಿ. ನೀರು ಬೆಚ್ಚಗಾದಂತೆ ದೊಡ್ಡ ರೆಡ್‌ಫಿನ್‌ಗಳು ಜೊಂಡಿನ ಅಂಚನ್ನು ಬಿಟ್ಟು ಆಳಕ್ಕೆ ಇಳಿಯುವುದರಿಂದ ಮೂರೂ ತೂಕಗಳು ನಿಮ್ಮ ಚೀಲದಲ್ಲಿರಲಿ.

ಇನ್ನು ಪೋಣಿಸುವ ಮೃದು ಮೀನು. ಎರಡರಿಂದ ಮೂರು ಅಂಗುಲದ, ಬಾಲದ ತುದಿಯಲ್ಲಿ ದೋಣಿಯ ಹುಟ್ಟಿನಂಥ ಅಗಲವಿರುವ ಪ್ಯಾಡಲ್ ಟೇಲ್ ಒಂದು ಪೊಟ್ಟಣ, ಬಾಲ ಸುರುಳಿಯಾಗಿರುವ ಗ್ರಬ್ ಒಂದು ಪೊಟ್ಟಣ. ಮೊದಲ ತಿಂಗಳಿಗೆ ಇಷ್ಟೇ. ಪ್ಯಾಡಲ್ ಟೇಲ್ ಸುಮ್ಮನೆ ಎಳೆದರೂ ಬಾಲ ಬಡಿಯುವುದರಿಂದ ಹೊಸಬರ ತಪ್ಪನ್ನು ಅದೇ ಮುಚ್ಚಿಕೊಳ್ಳುತ್ತದೆ. ಹುಳುವಿನ ಆಕಾರದವುಗಳಿಗೆ ಕೈಯಿಂದಲೇ ಕುಣಿತ ಕೊಡಬೇಕಾದುದರಿಂದ ಅವು ಆಮೇಲೆ. ಕೊಕ್ಕೆಯ ಮೊನೆ ಮೃದು ಮೀನಿನ ಬೆನ್ನಿನ ನಡುವಿನಲ್ಲಿ ಹೊರಬರುವಂತೆ ನೇರವಾಗಿ ಪೋಣಿಸಿ. ಮೈ ಒಂಚೂರು ವಕ್ರವಾದರೂ ಎರೆ ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನು ಹುರಿಗೊಳಿಸುತ್ತದೆ. ಇವುಗಳ ಜೊತೆಗೆ ಒಂದು ಸ್ಪಿನ್ನರ್, ಅಂದರೆ ಎಳೆದಾಗ ಸುತ್ತುವ ಲೋಹದ ತಗಡಿರುವ ಎರೆ, ಇರಲಿ. ಫ್ರಾನ್ಸಿನ ಮೆಪ್ಸ್ ಸಂಸ್ಥೆ 1938ರಲ್ಲಿ ತಂದ ಅಗ್ಲಿಯಾ ಮಾದರಿಯ 1 ಅಥವಾ 2ನೆಯ ಸಂಖ್ಯೆ ಪರ್ಚ್‌ಗೆ ಇಂದಿಗೂ ಚೆನ್ನಾಗಿ ಒಪ್ಪುತ್ತದೆ. ಮೀನು ಎಲ್ಲಿದೆ ಎಂದು ಗೊತ್ತಿಲ್ಲದ ಹೊಸ ಕೆರೆಯಲ್ಲಿ ಬೇಗ ಬೇಗ ಹುಡುಕಲು ಸ್ಪಿನ್ನರ್, ಗುಂಪು ಸಿಕ್ಕಿದ ಮೇಲೆ ನಿಧಾನವಾಗಿ ಕೆಲಸ ಮಾಡಲು ಮೃದು ಮೀನು. ಇದು ನನ್ನ ರೂಢಿ.

ಇವನ್ನು ಎಸೆಯಲು ಏಳು ಅಡಿಯ ಹಗುರ ರಾಡ್, 2000 ಅಥವಾ 2500ರ ಅಳತೆಯ ರೀಲ್, ಆರರಿಂದ ಎಂಟು ಪೌಂಡ್ ಭಾರ ತಾಳುವ ಹೆಣೆದ ದಾರ, ಅದರ ತುದಿಗೆ ಒಂದು ಮಾರಿನಷ್ಟು ಫ್ಲೋರೋಕಾರ್ಬನ್ ದಾರ ಬೇಕು. ಎಸೆದ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ. ಬಿಗಿಯಿದ್ದ ದಾರ ಸಡಿಲವಾದರೆ ಎರೆ ತಳ ಮುಟ್ಟಿದೆ ಎಂದರ್ಥ. ಮುಂದಿನ ಸಲ ಅದಕ್ಕಿಂತ ಎರಡು ಎಣಿಕೆ ಮೊದಲೇ ಎಳೆಯಲಾರಂಭಿಸಿ. ಮೂರು ಸುತ್ತು ಸುತ್ತಿ, ನಿಲ್ಲಿಸಿ, ಮತ್ತೆ ಮೂರು ಸುತ್ತು. ಮೀನು ಹಿಡಿಯುವುದು ಬಹುತೇಕ ಆ ನಿಲುಗಡೆಯಲ್ಲಿ.

ವಿಕ್ಟೋರಿಯಾ ರಾಜ್ಯದಲ್ಲಿ 18ರಿಂದ 69 ವರ್ಷದವರಿಗೆ ಮೀನು ಹಿಡಿಯುವ ಪರವಾನಗಿ ಬೇಕು, ಆದ್ದರಿಂದ ನಿಮಗೂ ಬೇಕು, ಅಂತರ್ಜಾಲದಲ್ಲೇ ಪಡೆಯಬಹುದು. ರೆಡ್‌ಫಿನ್ ಹೊರಗಿನಿಂದ ಬಂದ ಮೀನಾದ್ದರಿಂದ ಅಲ್ಲಿ ಅದಕ್ಕೆ ಅಳತೆಯ ಮಿತಿಯೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಹಿಡಿದದ್ದನ್ನು ಮನೆಗೆ ಒಯ್ಯಿರಿ. ಪೊರೆ ಕೆರೆಯಲು ಹೋಗದೆ ಚರ್ಮವನ್ನೇ ಸುಲಿದು ತೆಗೆಯುವುದು ಸುಲಭ. ಬಿಳಿಯ ಗಟ್ಟಿ ಮಾಂಸಕ್ಕೆ ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದರೆ ಮಗನ ಮನೆಯವರು ನಿಮ್ಮ ಹೊಸ ಹವ್ಯಾಸವನ್ನು ಪ್ರಶ್ನಿಸಲಾರರು.

ಪ್ರಶ್ನೆ: ಸ್ಟಾಕ್‌ಹೋಮ್ ಬಳಿಯ ಸರೋವರವೊಂದರಲ್ಲಿ ಮಗಳೊಡನೆ ದೋಣಿಯಿಂದ ಗಾಳ ಹಾಕಿದೆ. ದಾರದಲ್ಲಿ ಟಕ್ ಟಕ್ ಎಂದು ತಿಳಿಯುತ್ತದೆ, ಎಳೆದರೆ ಏನೂ ಇರುವುದಿಲ್ಲ, ಮೃದು ಮೀನಿನ ಬಾಲ ಮಾತ್ರ ಕಚ್ಚಿ ಹೋಗಿರುತ್ತದೆ. ಎರಡು ಬಾರಿ ದಾರವೇ ಕತ್ತರಿಸಿ ಹೋಯಿತು. ಅದೂ ಪರ್ಚ್ ಕೆಲಸವೇ? (ಸಹಕಾರನಗರ)

ಉತ್ತರ: ಬಾಲ ಕಚ್ಚಿದ್ದು ಪರ್ಚ್, ದಾರ ಕತ್ತರಿಸಿದ್ದು ಬಹುಶಃ ಪೈಕ್. ಪರ್ಚ್‌ಗೆ ದಾರ ಕತ್ತರಿಸುವ ಹಲ್ಲುಗಳಿಲ್ಲ. ಅದೇ ನೀರಿನಲ್ಲಿ ಅದನ್ನೇ ತಿಂದು ಬದುಕುವ ಪೈಕ್ ಮೀನಿಗೆ ಗರಗಸದಂಥ ಹಲ್ಲುಗಳಿವೆ. ಪೈಕ್ ಇರುವ ನೀರಿನಲ್ಲಿ ಎರೆಯ ಮುಂದೆ ಒಂದು ಗೇಣು ತೆಳು ಉಕ್ಕಿನ ಅಥವಾ ಟೈಟಾನಿಯಂ ತಂತಿ ಇರಲೇಬೇಕು. ಅದರಿಂದ ಪರ್ಚ್ ಸ್ವಲ್ಪ ಅನುಮಾನಪಡಬಹುದು ಎಂಬುದು ನಿಜ, ಆದರೆ ಬಾಯಲ್ಲಿ ಕೊಕ್ಕೆ ಸಿಕ್ಕಿಸಿಕೊಂಡು ಮೀನು ಉಪವಾಸ ಸಾಯುವಂತೆ ಮಾಡುವುದಕ್ಕಿಂತ ನಾಲ್ಕು ಮೀನು ಕಡಿಮೆ ಹಿಡಿಯುವುದು ಮೇಲು.

ಟಕ್ ಟಕ್ ವಿಷಯಕ್ಕೆ ಬರುತ್ತೇನೆ. ಪರ್ಚ್ ನಾಯಿಯಂತೆ ಕಚ್ಚಿ ಹಿಡಿಯುವುದಿಲ್ಲ. ಬಾಯಿಯನ್ನು ಥಟ್ಟನೆ ಅಗಲಿಸಿ ನೀರಿನೊಡನೆ ಬೇಟೆಯನ್ನು ಒಳಕ್ಕೆ ಹೀರುತ್ತದೆ. ದಾರ ಬಿಗಿಯಾಗಿದ್ದರೆ, ಗುಂಡು ಭಾರವಾಗಿದ್ದರೆ, ಎರೆ ಆ ಹೀರುವಿಕೆಗೆ ಒಳಗೆ ಹೋಗಲಾರದೆ ಬಾಲ ಮಾತ್ರ ತುಟಿಗೆ ಸಿಗುತ್ತದೆ. ಆದ್ದರಿಂದ ಮೊದಲು ತೂಕವನ್ನು ಒಂದು ಮೆಟ್ಟಿಲು ಇಳಿಸಿ, 7 ಗ್ರಾಂ ಇದ್ದರೆ 5ಕ್ಕೆ. ಅದಕ್ಕೂ ಬಗ್ಗದಿದ್ದರೆ ಮೂರು ಅಂಗುಲದ ಮೃದು ಮೀನನ್ನು ಬಿಚ್ಚಿ ಎರಡು ಅಂಗುಲದ್ದನ್ನು ಹಾಕಿ. ಟಕ್ ಎಂದೊಡನೆ ರಾಡನ್ನು ಮೇಲಕ್ಕೆ ಸೆಳೆಯುವುದು ನಮ್ಮೆಲ್ಲರ ಚಟ. ಅದನ್ನು ತಡೆದುಕೊಂಡು, ಒಂದು ಕ್ಷಣ ದಾರ ಸಡಿಲ ಬಿಟ್ಟು, ಮೀನಿನ ಭಾರ ಕೈಗೆ ತಿಳಿದ ಮೇಲೆ ಮೃದುವಾಗಿ ಎತ್ತಿ. ಪರ್ಚ್ ಬಾಯಿಯ ಪಕ್ಕದ ಪೊರೆ ತೆಳುವಾದುದರಿಂದ ಜೋರಾಗಿ ಸೆಳೆದರೆ ಹರಿದೇ ಹೋಗುತ್ತದೆ.

ಚಳಿ ಹೆಚ್ಚಿ ಮೀನು ಜಡವಾಗಿರುವಾಗ ಡ್ರಾಪ್ ಶಾಟ್ ಕಟ್ಟಿ ನೋಡಬಹುದು. ಅದರಲ್ಲಿ ತೂಕ ದಾರದ ಕೊನೆಯಲ್ಲಿರುತ್ತದೆ, ಕೊಕ್ಕೆ ಅದಕ್ಕಿಂತ ಮೊಳದಷ್ಟು ಮೇಲಿರುತ್ತದೆ. ತೂಕ ತಳದಲ್ಲಿ ಕೂತಿದ್ದರೂ ಎರೆ ಮಾತ್ರ ಮೀನಿನ ಕಣ್ಣೆದುರು ಭಾರವಿಲ್ಲದಂತೆ ನಡುಗುತ್ತಿರುತ್ತದೆ. ಹತ್ತು ಮೀಟರಿಗೂ ಆಳದಲ್ಲಿ ಗುಂಪು ಸಿಕ್ಕರೆ, ಹಿಡಿದು ಬಿಡುವ ಉದ್ದೇಶದವರು ಅಲ್ಲಿ ಗಾಳ ಹಾಕಬಾರದು. ಪರ್ಚ್‌ನ ಗಾಳಿಚೀಲಕ್ಕೆ ಗಂಟಲಿನ ಕಡೆಗೆ ದಾರಿಯಿಲ್ಲ. ಬೇಗ ಮೇಲೆ ಬಂದಾಗ ಗಾಳಿ ಹಿಗ್ಗಿ, ಬಿಟ್ಟರೂ ಮೀನು ಮುಳುಗಲಾರದೆ ತೇಲುತ್ತದೆ.

ಪ್ರಶ್ನೆ: ಹದಿನಾಲ್ಕು ಬಣ್ಣದ ಮೃದು ಮೀನುಗಳನ್ನು ಕೊಂಡಿದ್ದೇನೆ. ಯಾವ ನೀರಿಗೆ ಯಾವ ಬಣ್ಣ? (ಮಲ್ಲೇಶ್ವರ)

ಉತ್ತರ: ಹನ್ನೊಂದನ್ನು ಸ್ನೇಹಿತರಿಗೆ ಹಂಚಿಬಿಡಿ. ತಿಳಿನೀರಿಗೆ ಒಳಗಿನ ಬೆಳಕು ಕಾಣುವಂಥ ಹೊಗೆಬಣ್ಣ ಅಥವಾ ಮಂದ ಹಸಿರು, ಕದಡಿದ ನೀರಿಗೆ ಹೊಳೆಯುವ ಹಳದಿಹಸಿರು, ಉತ್ತರ ಯುರೋಪಿನ ಕಾಡಿನ ಸರೋವರಗಳಲ್ಲಿರುವ ಚಹಾಬಣ್ಣದ ನೀರಿಗೆ ಕಿತ್ತಳೆ ಅಥವಾ ತಾಮ್ರದ ಬಣ್ಣ. ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಕೆಂಪು ಮೊದಲು ಮಾಸುವುದರಿಂದ ಕೈಯಲ್ಲಿ ಕಂಡ ಬಣ್ಣವನ್ನೇ ಮೀನೂ ಕಾಣುತ್ತದೆ ಎಂದುಕೊಳ್ಳಬೇಡಿ. ಪರ್ಚ್ ತನ್ನದೇ ಜಾತಿಯ ಮರಿಗಳನ್ನು ತಿನ್ನುವ ಮೀನಾದ್ದರಿಂದ ಪಟ್ಟೆಯುಳ್ಳ ಹಸಿರು ಎರೆಯೂ ನಡೆಯುತ್ತದೆ.

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ನಿಂತಂತೆ ಈ ಅಂಗಡಿಗಳಲ್ಲೂ ಮನಸ್ಸು ಬಣ್ಣಕ್ಕೆ ಸೋಲುತ್ತದೆ, ನಾನೂ ಸೋತಿದ್ದೇನೆ. ಆಗೆಲ್ಲ ಫಿನ್‌ಲೆಂಡಿನ ಲೌರಿ ರಾಪಾಲ ಅವರನ್ನು ನೆನೆಯುತ್ತೇನೆ. ಪರ್ಚ್ ಮೀನನ್ನು ರಾಷ್ಟ್ರೀಯ ಮೀನೆಂದು ಕರೆಯುವ ಆ ನಾಡಿನಲ್ಲಿ ಅವರು 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟ್ ಸುತ್ತಿ ಬರುವ ಬೆಳ್ಳಿಹಾಳೆಯನ್ನು ಅದಕ್ಕೆ ಹೊದಿಸಿ ತಮ್ಮ ಎರೆಯನ್ನು ಮಾಡಿದರು. ಗುಂಪಿನಿಂದ ತಪ್ಪಿ ಓಲಾಡುವ ಮೀನನ್ನೇ ಬೇಟೆಗಾರ ಮೀನು ಹಿಡಿಯುತ್ತದೆ ಎಂಬುದನ್ನು ಕಂಡುಕೊಂಡಿದ್ದ ಅವರು ಶ್ರಮವನ್ನೆಲ್ಲ ಆ ಓಲಾಟಕ್ಕೆ ಹಾಕಿದರು. ಬಣ್ಣಕ್ಕೆ ಕೈಗೆ ಸಿಕ್ಕಿದ ಹಾಳೆ ಸಾಕಾಯಿತು.

ಪ್ರಶ್ನೆ: ವಿದೇಶದಿಂದ ತಂದ ಮೃದು ಎರೆಗಳನ್ನು ಒಂದೇ ಡಬ್ಬಿಯಲ್ಲಿಟ್ಟಿದ್ದೆ. ಆರು ತಿಂಗಳ ನಂತರ ತೆರೆದರೆ ಎಲ್ಲ ಅಂಟಿಕೊಂಡು ಮುದ್ದೆಯಾಗಿ, ಡಬ್ಬಿಯ ತಳವೂ ಕರಗಿತ್ತು. ನಕಲಿ ಮಾಲು ಕೊಟ್ಟು ಮೋಸ ಮಾಡಿದರೇ? (ವಿಜಯನಗರ)

ಉತ್ತರ: ಮೋಸವಲ್ಲ, ರಸಾಯನದ ಜಗಳ. ಬಹುತೇಕ ಮೃದು ಎರೆಗಳು ಎಣ್ಣೆಯಂಥ ದ್ರವ ಬೆರೆಸಿ ಮೆತ್ತಗೆ ಮಾಡಿದ ಪಿವಿಸಿ. ಆ ದ್ರವ ಮೆಲ್ಲಗೆ ಹೊರಗೆ ಒಸರಿ ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನು ತಿನ್ನುತ್ತದೆ, ಪಕ್ಕದ ಎರೆಗೆ ಬಣ್ಣ ಹತ್ತಿಸುತ್ತದೆ. ಜೀ಼-ಮ್ಯಾನ್ ಸಂಸ್ಥೆಯ ಎಲಾಜ್‌ಟೆಕ್‌ನಂಥ, ಎಳೆದಷ್ಟೂ ಹಿಗ್ಗುವ ಬೇರೆ ವಸ್ತುವಿನ ಎರೆಗಳನ್ನು ಪಿವಿಸಿ ಎರೆಗಳೊಡನೆ ಇಟ್ಟರೆ ನೀವು ಕಂಡ ಮುದ್ದೆಯೇ ಗತಿ. ಅವನ್ನು ಅವುಗಳ ಮೂಲ ಪೊಟ್ಟಣದಲ್ಲೇ ಇಡಬೇಕು. ಬರ್ಕ್ಲಿ ಸಂಸ್ಥೆಯ ಗಲ್ಪ್ ಎರೆಗಳ ಕಥೆ ಇದಕ್ಕೆ ತಿರುಗುಮುರುಗು: ಅವುಗಳ ಪೊಟ್ಟಣದಲ್ಲಿರುವ ರಸದಿಂದ ಹೊರಗಿಟ್ಟರೆ ಒಣಗಿ ಕಲ್ಲಾಗುತ್ತವೆ. ಯಾವುದನ್ನೂ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಬಿಸಿಲಿಗೆ ನಿಲ್ಲಿಸಬೇಡಿ. ಉಪ್ಪಿನಕಾಯಿಯ ಹತ್ತಿರವೂ ಇಡಬೇಡಿ ಎಂದು ನಮ್ಮ ಮನೆಯವರು ಸೇರಿಸಲು ಹೇಳಿದ್ದಾರೆ. ಅದಕ್ಕೆ ಕಾರಣ ರಸಾಯನವಲ್ಲ, ವಾಸನೆ.

ಪ್ರಶ್ನೆ: ಪರ್ಚ್‌ಗೆಂದು ಕೊಂಡ ಎರೆಗಳು ನಮ್ಮ ಬೆಂಗಳೂರಿನ ಸುತ್ತಲಿನ ಕೆರೆಗಳಲ್ಲಿ ಪ್ರಯೋಜನಕ್ಕೆ ಬರುತ್ತವೆಯೇ? ನಮ್ಮಲ್ಲೂ ಕ್ಲೈಂಬಿಂಗ್ ಪರ್ಚ್ ಎಂಬ ಮೀನಿದೆಯಲ್ಲವೇ? (ಯಲಹಂಕ)

ಉತ್ತರ: ಕ್ಲೈಂಬಿಂಗ್ ಪರ್ಚ್‌ಗೆ ಇರುವುದು ಹೆಸರಿನ ನಂಟು ಮಾತ್ರ. ಅದು ಅನಾಬಸ್, ಗಾಳಿಯನ್ನೇ ಉಸಿರಾಡುತ್ತ ಒದ್ದೆ ನೆಲದ ಮೇಲೆ ತೆವಳಬಲ್ಲ ಬೇರೆ ಕುಲದ ಮೀನು.

ನಿಮ್ಮ ಡಬ್ಬಿಯ ಅರ್ಧ ಇಲ್ಲಿ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ. ಜಿಲೇಬಿ ಮೀನು ಹೆಚ್ಚಾಗಿ ಪಾಚಿ ತಿಂದು ಬದುಕುವುದಾದರೂ ಒಂದೂವರೆ ಅಂಗುಲದ ಗ್ರಬ್ ಅನ್ನು 2 ಗ್ರಾಂ ತೂಕದೊಡನೆ ನಿಧಾನವಾಗಿ ಎಳೆದರೆ ಆಗಾಗ ಬಾಯಿ ಹಾಕುತ್ತದೆ. ಕೊರವ ಮೀನಿಗೆ ಮೂರು ಅಂಗುಲದ ಪ್ಯಾಡಲ್ ಟೇಲ್ ಇಷ್ಟವೇ, ಆದರೆ ಪರ್ಚ್‌ನ ಜಿಗ್ ಹೆಡ್ ಅದಕ್ಕೆ ಸಲ್ಲದು: ತಂತಿ ಸಣ್ಣದಾದ ಕೊಕ್ಕೆ ಕೊರವದ ಗಟ್ಟಿ ದವಡೆಯಲ್ಲಿ ನೇರವಾಗಿಬಿಡುತ್ತದೆ, ಹೊರಗೆ ಕಾಣುವ ಮೊನೆ ಜೊಂಡಿನಲ್ಲೂ ಅಂತರಗಂಗೆಯಲ್ಲೂ ಸಿಕ್ಕಿಕೊಳ್ಳುತ್ತದೆ. ದಪ್ಪ ತಂತಿಯ, ಅಗಲ ಬಾಯಿಯ ಕೊಕ್ಕೆಯ ಮೊನೆಯನ್ನು ಮೃದು ಮೀನಿನ ಬೆನ್ನಿನೊಳಗೇ ಅಡಗಿಸಿ ಜೊಂಡಿನ ಅಂಚಿನಲ್ಲಿ ಎಳೆಯಿರಿ. ನೀರಿನ ಮೇಲ್ಮೈಯಲ್ಲಿ ಕೆಂಪು ಮರಿಗಳ ಹಿಂಡು ಒಂದೇ ಕಡೆ ಗುಳುಗುಳು ಎನ್ನುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅಲ್ಲಿಗೆ ಎಸೆಯದೆ ಮುಂದೆ ಹೋಗಿ.

ಎಸೆಯುವ ಮೊದಲು ದಂಡೆಯ ಫಲಕವನ್ನು ಓದಿ. ನಗರದ ಅನೇಕ ಕೆರೆಗಳಲ್ಲಿ ಗಾಳಕ್ಕೆ ಅವಕಾಶವಿಲ್ಲ, ಹೊರವಲಯದ ಕೆರೆಗಳಲ್ಲಿ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳೋ ಗುತ್ತಿಗೆದಾರರೋ ಪಡೆದಿರುತ್ತಾರೆ. ಸಂಘದವರನ್ನು ಕಂಡು ಕೇಳಿದರೆ ಹಿಡಿದ ಮೀನಿನ ತೂಕಕ್ಕೆ ಇಷ್ಟೆಂದು ಹಣ ಪಡೆದು ಒಪ್ಪುವವರೂ ಇದ್ದಾರೆ. ಅವರ ಮೀನು ಯಾವ ಮೂಲೆಯಲ್ಲಿದೆ ಎಂಬುದನ್ನೂ ಅವರೇ ಹೇಳಿಯಾರು.