ನೀವು ಕೇಳಿದಿರಿ: ಕಾಲಿನ ಸ್ವಾಧೀನ ಇಲ್ಲದೆ ತೊಗಾಶಿ ಡ್ರಮ್ಸ್ ನುಡಿಸಿದ್ದು ಹೇಗೆ?

ಪ್ರಶ್ನೆ: ಜಪಾನಿನ ಜಾಝ್ ಡ್ರಮ್ಮರ್ ಮಸಾಹಿಕೊ ತೊಗಾಶಿ ಅವರಿಗೆ ಎರಡೂ ಕಾಲಿನ ಸ್ವಾಧೀನ ಇರಲಿಲ್ಲ, ಆದರೂ ಎಷ್ಟೋ ವರ್ಷ ನುಡಿಸಿದರು ಅಂತ ಸ್ನೇಹಿತರು ಹೇಳಿದರು. ನಾನು ಈಗಷ್ಟೇ ಡ್ರಮ್ಸ್ ಕಲಿಯುತ್ತಿದ್ದೇನೆ. ಕಾಲೇ ಬಳಸದೆ ಅದು ಹೇಗೆ ಸಾಧ್ಯ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ನಿಜ. ಮೂವತ್ತು ತುಂಬುವ ಹೊತ್ತಿಗೆ ಅವರ ಬೆನ್ನುಹುರಿಗೆ ಪೆಟ್ಟಾಯಿತು, ಕಾಲುಗಳು ನಿಂತುಹೋದವು. ಡ್ರಮ್ಮರ್‌ಗೆ ಇದರಿಂದ ಏನು ಹೋಗುತ್ತೆ ಅನ್ನೋದು ಕಲಿಯುತ್ತಿರುವ ನಿಮಗೆ ಬೇಗ ಅರ್ಥವಾಗುತ್ತೆ. ಬಲಗಾಲಿನ ಬಾಸ್ ಡ್ರಮ್, ಅಂದರೆ ತಗ್ಗು ಸದ್ದಿನ ದೊಡ್ಡ ಡ್ರಮ್ ಇಲ್ಲ. ಎಡಗಾಲಿನ ಹೈ-ಹ್ಯಾಟ್, ಅಂದರೆ ಪೆಡಲ್ ಒತ್ತಿದರೆ ಒಂದಕ್ಕೊಂದು ಕೂಡುವ ಜೋಡಿ ಸಿಂಬಲ್ ಇಲ್ಲ. ಜಾಝ್‌ನಲ್ಲಿ ಎರಡನೇ ಮತ್ತು ನಾಲ್ಕನೇ ಏಟಿಗೆ ಹೈ-ಹ್ಯಾಟ್ ‘ಚಿಕ್’ ಅಂತ ಮುಚ್ಚುತ್ತದಲ್ವಾ, ವೇದಿಕೆ ಮೇಲಿರುವ ಎಲ್ಲರೂ ಸುಮ್ನೆ ಅದನ್ನೇ ನಂಬಿಕೊಂಡು ನುಡಿಸುತ್ತಿರುತ್ತಾರೆ. ಆ ಸದ್ದೇ ಇಲ್ಲವಾಯಿತು.

ಅವರು ಕೈಯಿಂದಲೇ ನುಡಿಸುವ ಹಾಗೆ ಬೇರೆಯದೇ ಒಂದು ಸೆಟ್ ರೂಪಿಸಿಕೊಂಡರು. ಇಲ್ಲಿ ಒಂದು ಸೂಕ್ಷ್ಮ ಇದೆ. ತಗ್ಗು ಸದ್ದು ಬೇಕು ಅಂದರೆ ಕೈಯೇ ಕೆಳಗಿನ ಡ್ರಮ್‌ಗೆ ಹೋಗಬೇಕು, ಹೋದ ಕ್ಷಣ ಆ ಕೈಯಲ್ಲಿದ್ದ ಸಿಂಬಲ್ ಕೆಲಸ ನಿಲ್ಲುತ್ತೆ, ಹಾಗಾಗಿ ನಾಲ್ಕು ಸದ್ದನ್ನು ಒಂದರ ಮೇಲೊಂದು ಹೇರುತ್ತಾ ಹೋಗುವ ಮಾಮೂಲಿ ದಾರಿ ಮುಚ್ಚಿಹೋಗುತ್ತೆ. ಒಂದೊಂದು ಏಟನ್ನೂ ಆರಿಸಿಕೊಳ್ಳಬೇಕು. ತೊಗಾಶಿ ಆರಿಸಿಕೊಂಡರು. ಸಿಂಬಲ್‌ಗೆ ಒಂದು ಏಟು ಕೊಟ್ಟು, ಅದರ ಗುಂಗು ಪೂರ್ತಿ ಇಳಿಯುವವರೆಗೆ ಬಿಟ್ಟು, ಆಮೇಲೆ ಮುಂದಿನದು. ಆ ಖಾಲಿ ಜಾಗದಲ್ಲೂ ಲಯ ಕೈತಪ್ಪುವುದಿಲ್ಲ.

ಪ್ರಶ್ನೆ: ಹಾಗಾದರೆ ಕಾಲು ಹೋದದ್ದರಿಂದಲೇ ಅವರು ಫ್ರೀ ಜಾಝ್ ಕಡೆ, ಅಂದರೆ ನಿಗದಿತ ಲಯ-ಸ್ವರಗಳ ಕಟ್ಟಿಲ್ಲದ ಜಾಝ್ ಕಡೆ ತಿರುಗಿದರಾ?

ಉತ್ತರ: ಇಲ್ಲ. ಈ ಮಾತು ತುಂಬಾ ಜನ ಹೇಳುತ್ತಾರೆ, ನನಗೆ ಬೇಜಾರಾಗುವುದೂ ಇದಕ್ಕೇ. ಅವರು ಹುಟ್ಟಿದ್ದು 1940ರಲ್ಲಿ, ಟೋಕಿಯೋದಲ್ಲಿ. ಅಪ್ಪ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ವಾದಕರು. ಮಗ ಮೊದಲು ಕಲಿತದ್ದು ಪಿಟೀಲು, ಆಮೇಲೆ ಡ್ರಮ್ಸ್. ಹದಿಹರೆಯದಲ್ಲೇ ವೃತ್ತಿಗೆ ಇಳಿದು ಸ್ಯಾಕ್ಸೊಫೋನ್‌ನ ಸದಾವೊ ವಟನಾಬೆ, ಪಿಯಾನೊದ ತೋಶಿಕೊ ಅಕಿಯೋಶಿ ಅಂಥವರ ಜೊತೆ ನುಡಿಸಿದರು. ಟೋಕಿಯೋದ ಗಿಂಜಾ ಬಡಾವಣೆಯಲ್ಲಿ ಗಿನ್‌ಪಾರಿ ಅಂತ ಒಂದು ಕೆಫೆ ಇತ್ತು, ಫ್ರೆಂಚ್ ಹಾಡುಗಳ ಜಾಗ. ಹೊಸತನ್ನು ಹುಡುಕುತ್ತಿದ್ದ ಜಾಝ್ ಹುಡುಗರು ಅಲ್ಲಿ ಸೇರುತ್ತಿದ್ದರು. 1963ರಲ್ಲಿ ಅಲ್ಲಿ ನಡೆದ ಒಂದು ರಾತ್ರಿಯ ಧ್ವನಿಮುದ್ರಣ ಉಳಿದಿದೆ, ಗಿಟಾರ್ ವಾದಕ ಮಸಾಯುಕಿ ತಕಾಯಾನಗಿ ಜೊತೆ ತೊಗಾಶಿ ಇದ್ದಾರೆ.

1969ರಲ್ಲಿ ಬಂದ ಅವರ ಆಲ್ಬಂ ‘ವಿ ನೌ ಕ್ರಿಯೇಟ್’ ಜಪಾನಿನ ಫ್ರೀ ಜಾಝ್‌ನ ಮೊದಲ ದೊಡ್ಡ ದಾಖಲೆಗಳಲ್ಲಿ ಒಂದು. ‘ಸ್ವಿಂಗ್ ಜರ್ನಲ್’ ಪತ್ರಿಕೆಯ ಜಪಾನ್ ಜಾಝ್ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಇದೆಲ್ಲ ಆಗಿದ್ದು ಕಾಲು ಚೆನ್ನಾಗಿದ್ದಾಗಲೇ! ಆ ಹುಡುಕಾಟ ಮೊದಲಿನಿಂದಲೂ ಇತ್ತು. ದುರಂತವೇ ಕಲಾವಿದನನ್ನು ಮಾಡಿತು ಅಂತ ಕಥೆ ಕಟ್ಟಿದರೆ, ಅದಕ್ಕೂ ಮುಂಚೆ ಹತ್ತು ಹದಿನೈದು ವರ್ಷ ಆ ಮನುಷ್ಯ ಪಟ್ಟ ಶ್ರಮಕ್ಕೆ ಬೆಲೆಯೇ ಇಲ್ಲದ ಹಾಗಾಗುತ್ತೆ.

ಪ್ರಶ್ನೆ: ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ: ‘ಸಾಂಗ್ ಆಫ್ ಸಾಯಿಲ್’ನಿಂದ. 1979ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ್ದು. ಟ್ರಂಪೆಟ್‌ನಲ್ಲಿ ಡಾನ್ ಚೆರ್ರಿ, ಬಾಸ್‌ನಲ್ಲಿ ಚಾರ್ಲಿ ಹೇಡನ್, ಮೂರೇ ಜನ. ಜಾಗ ಜಾಸ್ತಿ ಇರುವುದರಿಂದ ತೊಗಾಶಿ ಏನು ಮಾಡುತ್ತಿದ್ದಾರೆ ಅನ್ನೋದು ಬಿಡಿಬಿಡಿಯಾಗಿ ಕೇಳುತ್ತೆ. ಅದು ಹಿಡಿಸಿದರೆ 1975ರ ‘ಸ್ಪಿರಿಚುಯಲ್ ನೇಚರ್’ಗೆ ಹೋಗಿ. ಇದು ದೊಡ್ಡ ತಂಡದ ಕೆಲಸ, ವಟನಾಬೆಯೂ ಇದ್ದಾರೆ, ಇದಕ್ಕೂ ಅದೇ ಪ್ರಶಸ್ತಿ ಬಂತು. ‘ವಿ ನೌ ಕ್ರಿಯೇಟ್’ ಅನ್ನು ಮೊದಲೇ ಕೇಳಬೇಡಿ, ಹೊಸಬರಿಗೆ ಅದು ಗದ್ದಲ ಅನ್ನಿಸಿಬಿಡಬಹುದು.

ಸೊಪ್ರಾನೊ ಸ್ಯಾಕ್ಸೊಫೋನ್‌ನ ಸ್ಟೀವ್ ಲೇಸಿ ಜೊತೆ 1975ರಿಂದ ಎಷ್ಟೋ ಸಲ ನುಡಿಸಿದ್ದಾರೆ, ಸಿಕ್ಕಿದ್ದನ್ನೆಲ್ಲ ಕೇಳಿ. 1990ರ ದಶಕದಲ್ಲಿ ‘ಜೆ.ಜೆ. ಸ್ಪಿರಿಟ್ಸ್’ ಅಂತ ತಂಡ ಕಟ್ಟಿ ಮತ್ತೆ ಹಳೆಯ ಬೀ-ಬಾಪ್ ದಾರಿಗೆ, ಅಂದರೆ ಲಯ ಬಿಡದೆ ವೇಗವಾಗಿ ಓಡುವ 1940ರ ದಶಕದ ಜಾಝ್ ಶೈಲಿಗೆ ಬಂದರು. ಪಿಯಾನೊದಲ್ಲಿ ಮಸಾಹಿಕೊ ಸಾತೊ. ಕಲಿಯುವವರಿಗೆ ನಾನು ಮುಖ್ಯವಾಗಿ ಹೇಳುವುದು ಈ ತಂಡದ ರೆಕಾರ್ಡ್‌ಗಳನ್ನೇ. ಇಲ್ಲಿ ಲಯ ನೆಟ್ಟಗೆ ಓಡುತ್ತೆ, ಫ್ರೀ ಜಾಝ್‌ನ ಬಿಡುವು ಇಲ್ಲ, ಕಾಲಿನ ಹೈ-ಹ್ಯಾಟೂ ಇಲ್ಲ. ಮೊದಲ ಸಲ ಕೇಳುವಾಗ ಬೇರೆ ಎಲ್ಲ ಬಿಟ್ಟು ಸಿಂಬಲ್ ಮೇಲಿನ ಕೈಯನ್ನಷ್ಟೇ ಹಿಂಬಾಲಿಸಿ. ಎರಡನೇ ಸಲ ಬಾಸ್ ಜೊತೆ ಅದು ಎಲ್ಲಿ ಕೂಡುತ್ತೆ ನೋಡಿ. ಆಮೇಲೆ ನಿಮ್ಮ ಸೆಟ್ ಮುಂದೆ ಕೂತು, ಎರಡೂ ಪೆಡಲ್‌ನಿಂದ ಕಾಲು ತೆಗೆದು, ಒಂದು ಇಡೀ ಟ್ಯೂನ್ ನುಡಿಸಲು ಪ್ರಯತ್ನಿಸಿ. ಎಲ್ಲಿ ಎಡವುತ್ತೀರಿ ಅನ್ನೋದನ್ನು ನಮಗೆ ಬರೆಯಿರಿ.